ಮುಂದೆರಡು, ಹಿಂದೊಂದು: ಮಾರ್ಗನ್ ಕಾರಿನ ಮೂರು ಚಕ್ರದ ಲೆಕ್ಕ

ಪಲ್ಟಿಯಾದ ಆಟೋವನ್ನು ಗ್ಯಾರೇಜಿಗೆ ಎಳೆದು ತಂದ ಚಾಲಕರು ಮೂವತ್ತು ವರ್ಷಗಳಿಂದ ನನಗೆ ಹೇಳುತ್ತಿರುವುದು ಒಂದೇ ಮಾತು: “ಸಾರ್, ಸ್ಪೀಡೇ ಇರಲಿಲ್ಲ.” ನಾನು ನಂಬುತ್ತೇನೆ. ತಿರುವಿನಲ್ಲಿ ನಾಯಿಯೋ ಸೈಕಲ್ಲೋ ಅಡ್ಡ ಬಂದಿರುತ್ತದೆ, ಹ್ಯಾಂಡಲ್ ತಿರುಗಿಸಿಕೊಂಡೇ ಬ್ರೇಕ್ ಒತ್ತಿರುತ್ತಾರೆ. ಬ್ರೇಕ್ ಒತ್ತಿದರೆ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ತಿರುಗಿಸಿದರೆ ಹೊರಮಗ್ಗುಲಿಗೆ ಬೀಳುತ್ತದೆ. ಎರಡೂ ಒಟ್ಟಿಗೆ ಆದಾಗ ಭಾರವೆಲ್ಲ ಮುಂದಿನ ಹೊರಮೂಲೆಗೆ ಬಂದು ನಿಲ್ಲುತ್ತದೆ. ಆಟೋದಲ್ಲಿ ಆ ಮೂಲೆಗೆ ಚಕ್ರವೇ ಇಲ್ಲ.

ಹಾಗೆಂದು ಆಟೋ ಮಾಡಿದವರು ದಡ್ಡರಲ್ಲ. ಹಿಂದೆ ಮೂರು ಜನ ಕೂರಬೇಕು, ಜೊತೆಗೆ ಅಕ್ಕಿ ಮೂಟೆ ಬರಬೇಕು, ಕಿರಿದಾದ ಗಲ್ಲಿಯಲ್ಲಿ ಗಾಡಿ ತಿರುಗಬೇಕು. ಭಾರ ಹಿಂದಿರುವಾಗ ಎರಡು ಚಕ್ರಗಳೂ ಹಿಂದಿರುವುದೇ ಸರಿ. ಆದರೆ ಇದೇ ಮೂರು ಚಕ್ರಗಳನ್ನು ತಿರುಗುಮುರುಗಾಗಿ, ಎರಡು ಮುಂದೆ ಒಂದು ಹಿಂದೆ, ಇಟ್ಟರೆ ಏನಾಗುತ್ತದೆ ಎಂಬುದನ್ನು ಗ್ಯಾರೇಜಿನ ಹುಡುಗರಿಗೆ ತೋರಿಸಬೇಕಾದಾಗಲೆಲ್ಲ ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಹಳೆಯ ಇಂಗ್ಲಿಷ್ ಗಾಡಿಯನ್ನು ಬರೆಯುತ್ತೇನೆ. ಅದು ಮಾರ್ಗನ್.

ಹೆನ್ರಿ ಫ್ರೆಡರಿಕ್ ಸ್ಟ್ಯಾನ್ಲಿ ಮಾರ್ಗನ್ ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿಯ ಮಗ, ಹುಟ್ಟಿದ್ದು 1881ರಲ್ಲಿ. ಹದಿನೆಂಟರ ಹುಡುಗ ಬಾಡಿಗೆಗೆ ತಂದ ಬೆಂಜ್ ಕಾರು ಇಳಿಜಾರಿನಲ್ಲಿ ಕೈಮೀರಿ ಓಡಿ ಜಖಂಗೊಂಡಾಗ ಅಪ್ಪ ತೆತ್ತ ರಿಪೇರಿ ಖರ್ಚು 28 ಪೌಂಡ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಅಷ್ಟಾದರೂ ಅಪ್ಪ ಮಗನನ್ನು ಸ್ವಿಂಡನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಖಾನೆಗೆ ಕೆಲಸ ಕಲಿಯಲು ಕಳಿಸಿದರು. ಅಲ್ಲಿಂದ ಹೊರಬಿದ್ದ ಮಾರ್ಗನ್ ಮಾಲ್ವರ್ನ್ ಲಿಂಕ್ ಎಂಬ ಊರಿನಲ್ಲಿ ಗ್ಯಾರೇಜು ತೆರೆದ, ವೂಲ್ಸ್‌ಲಿ ಮತ್ತು ಡರಾಕ್ ಕಾರುಗಳ ಏಜೆನ್ಸಿ ಹಿಡಿದ, ಸ್ವಲ್ಪ ಕಾಲ ಬಸ್ಸನ್ನೂ ಓಡಿಸಿದ. ಅಂದರೆ ಕಾರು ತಯಾರಿಸುವ ಮೊದಲು ಅವನು ನಮ್ಮಂತೆಯೇ ಊರವರ ಗಾಡಿ ರಿಪೇರಿ ಮಾಡುತ್ತಿದ್ದವನು. ಅವನ ವಿನ್ಯಾಸದಲ್ಲಿ ಅದು ಕಾಣುತ್ತದೆ: ಕೆಡಬಹುದಾದ ಭಾಗವನ್ನು ಸುಧಾರಿಸುವ ಬದಲು ಅದನ್ನು ಇಡದೇ ಬಿಡುವುದು.

ಮೋಟಾರ್‌ಸೈಕಲ್ ಕಟ್ಟೋಣವೆಂದು ತಂದಿದ್ದ 7 ಅಶ್ವಶಕ್ತಿಯ ಪ್ಯೂಜೋ ಎಂಜಿನ್ ಗ್ಯಾರೇಜಿನಲ್ಲಿತ್ತು. ಹತ್ತಿರದ ಮಾಲ್ವರ್ನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಸ್ಟೀಫನ್‌ಸನ್-ಪೀಚ್ ಎಂಬುವವರ ನೆರವಿನಿಂದ 1909ರಲ್ಲಿ ಆ ಎಂಜಿನ್ನು ಒಬ್ಬರೇ ಕೂರುವ ಮೂರು ಚಕ್ರದ ಗಾಡಿಯೊಂದರ ಮೂತಿಗೆ ಬಂತು.

ಆ ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೋಡಿಕೊಂಡು ಹೋಗೋಣ. ವಿ ಆಕಾರದ ಎರಡು ಸಿಲಿಂಡರಿನ ಎಂಜಿನ್ ಮುಂದಿನ ಚಕ್ರಗಳ ನಡುವೆ ಬಾನೆಟ್ಟಿನ ಮುಚ್ಚುಗೆಯಿಲ್ಲದೆ ಬಯಲಿಗೇ ಕೂತಿದೆ. ಅದರ ಹಿಂದೆ ಕ್ಲಚ್ಚು, ಕ್ಲಚ್ಚಿನಿಂದ ಹಿಂದಕ್ಕೆ ಒಂದು ದಪ್ಪ ಉಕ್ಕಿನ ಕೊಳವೆ. ಗಾಡಿಯ ಬೆನ್ನೆಲುಬು ಇದೇ, ತಿರುಗುವ ಶಾಫ್ಟ್ ಇರುವುದೂ ಇದರ ಹೊಟ್ಟೆಯೊಳಗೆ. ಕೊಳವೆಯ ತುದಿಯಲ್ಲಿ ತಿರುಗುವಿಕೆಯನ್ನು ಅಡ್ಡಕ್ಕೆ ಹೊರಳಿಸುವ ಬೆವೆಲ್ ಗೇರಿನ ಸಣ್ಣ ಪೆಟ್ಟಿಗೆ, ಅದರಿಂದ ಹೊರಟ ಅಡ್ಡ ಶಾಫ್ಟಿನ ಮೇಲೆ ಹಲ್ಲುಗಳ ಎಣಿಕೆ ಬೇರೆ ಬೇರೆಯಾದ ಎರಡು ಸ್ಪ್ರಾಕೆಟ್, ಅವುಗಳಿಂದ ಹಿಂದಿನ ಒಂಟಿ ಚಕ್ರದ ಎಡಬಲಕ್ಕೆ ಎರಡು ಚೈನು. ಒಂದು ಚೈನಿಗೆ ಶಕ್ತಿ ಕೊಟ್ಟರೆ ಲೋ ಗೇರು, ಇನ್ನೊಂದಕ್ಕೆ ಕೊಟ್ಟರೆ ಹೈ ಗೇರು. ಯಾವುದಕ್ಕೆ ಕೊಡಬೇಕೆಂಬುದನ್ನು ತೀರ್ಮಾನಿಸುವುದು ಅಡ್ಡ ಶಾಫ್ಟಿನ ಮೇಲೆ ಅತ್ತಿತ್ತ ಸರಿದು ಹಲ್ಲುಗಳಿಂದ ಕಚ್ಚಿಕೊಳ್ಳುವ ಡಾಗ್ ಕ್ಲಚ್. ಮುಗಿಯಿತು. ಗೇರ್‌ಬಾಕ್ಸ್ ಎಂದು ನಾವು ಕರೆಯುವ ಪೆಟ್ಟಿಗೆ ಇಲ್ಲ. ತಳ್ಳುವ ಚಕ್ರ ಒಂದೇ ಆದ್ದರಿಂದ, ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬೇಕಿಲ್ಲ. ರಿವರ್ಸ್ ಕೂಡ ಇಲ್ಲ, ಹಿಂದಕ್ಕೆ ಹೋಗಬೇಕಾದರೆ ಇಳಿದು ತಳ್ಳಬೇಕು. ಮೂರು ಗೇರು ಮತ್ತು ರಿವರ್ಸ್ ಇರುವ ಪೆಟ್ಟಿಗೆ ಬಂದದ್ದು 1931ರ ಹೊತ್ತಿಗೆ.

ಮುಂದಿನ ಚಕ್ರಗಳ ಕಟ್ಟಣೆ ಇನ್ನೂ ಸೊಗಸು. ಆ ಕಾಲದ ಬಹುತೇಕ ಕಾರುಗಳಲ್ಲಿ ಎತ್ತಿನ ಗಾಡಿಯಂತೆ ಎರಡು ಚಕ್ರಗಳಿಗೂ ಒಂದೇ ಅಚ್ಚು. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ಓಲಾಡುತ್ತಿತ್ತು. ಮಾರ್ಗನ್ ಎರಡು ಕಡೆಗೂ ಒಂದೊಂದು ನೆಟ್ಟನೆಯ ಕಂಬಿ ನಿಲ್ಲಿಸಿ, ಚಕ್ರವನ್ನು ಹೊತ್ತ ಭಾಗ ಆ ಕಂಬಿಯ ಮೇಲೆ ಕೊಳವೆಯಂತೆ ಮೇಲೆ ಕೆಳಗೆ ಜಾರುವ ಹಾಗೆ ಮಾಡಿ ಸುರುಳಿ ಸ್ಪ್ರಿಂಗ್ ಕೂರಿಸಿದ. ಸ್ಟಿಯರಿಂಗ್ ತಿರುಗುವುದೂ ಅದೇ ಕಂಬಿಯ ಸುತ್ತ. ಒಂದು ಕಂಬಿಯಿಂದ ಎರಡು ಕೆಲಸ. ಇದರ ದೌರ್ಬಲ್ಯ ಏನೆಂದು ಯಾವ ಮೆಕ್ಯಾನಿಕ್ಕನಾದರೂ ನೋಡಿದ ಕೂಡಲೇ ಹೇಳುತ್ತಾನೆ: ಜಾರುವ ಜಾಗಕ್ಕೆ ಗ್ರೀಸು ಬೇಕು, ಸಿಗದಿದ್ದರೆ ಬುಶ್, ಅಂದರೆ ಒಳಗಿನ ಲೋಹದ ಬಳೆ, ಸವೆಯುತ್ತದೆ. ಮುಂದೆ 1950ರಿಂದ ಈ ಕಂಪನಿಯ ನಾಲ್ಕು ಚಕ್ರದ ಕಾರುಗಳಲ್ಲಿ ಚಾಲಕನ ಕಾಲ ಬಳಿ ಒಂದು ಗುಂಡಿ ಬಂತು. ಆಗಾಗ ಅದನ್ನು ಮೆಟ್ಟಿದರೆ ಎಂಜಿನ್ ಎಣ್ಣೆಯೇ ಆ ಕಂಬಿಗಳಿಗೆ ಇಳಿಯುತ್ತಿತ್ತು. 1909ರಲ್ಲಿ ಕೂರಿಸಿದ ಈ ಮೂಲ ಯೋಚನೆ ನೂರು ವರ್ಷ ದಾಟಿಯೂ ಆ ಕಾರ್ಖಾನೆಯ ಕಾರುಗಳಲ್ಲಿ ಉಳಿದಿತ್ತು. ಹಟವೋ ಜಾಣತನವೋ, ಎರಡೂ ಇರಬೇಕು.

ಈ ಗಾಡಿಯ ಪೇಟೆಂಟಿನ ನಕ್ಷೆಗಳನ್ನು ಬರೆದುಕೊಟ್ಟ ಎಳೆಯ ಹುಡುಗನ ಹೆಸರು ಜಾನ್ ಬ್ಲ್ಯಾಕ್. ಮುಂದೆ ಸರ್ ಜಾನ್ ಬ್ಲ್ಯಾಕ್ ಆಗಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯನ್ನು ಆಳಿದ ಇವರು 1950ರ ದಶಕದ ಮೊದಲಲ್ಲಿ ಮಾರ್ಗನ್ ಕಂಪನಿಯನ್ನೇ ಕೊಳ್ಳಲು ಬಂದರು. ಮಾರ್ಗನ್ ಮನೆತನ ಒಲ್ಲೆ ಎಂದಿತು.

1910ರ ಲಂಡನ್ ಒಲಿಂಪಿಯಾ ಪ್ರದರ್ಶನದಲ್ಲಿ ಜ್ಯಾಪ್ ಎಂಬ ಕಂಪನಿಯ ಎಂಜಿನ್ನಿನ ಎರಡು ಗಾಡಿಗಳನ್ನು ಇಟ್ಟಾಗ ಜನ ಮೆಚ್ಚಿದರು, ಆದರೆ ಕೊಳ್ಳಲು ಮುಂದಾದವರು ಮೂವತ್ತರ ಆಸುಪಾಸು. ಒಬ್ಬರೇ ಕೂರುವ ಗಾಡಿ ಯಾರಿಗೆ ಬೇಕು? ಮರುವರ್ಷ ಇಬ್ಬರು ಕೂರುವ ಗಾಡಿ ಬಂತು, ಸ್ಟಿಯರಿಂಗಿಗೆ ಕೋಲಿನ ಬದಲು ಚಕ್ರ ಬಂತು, ಲಂಡನ್ನಿನ ಹ್ಯಾರಡ್ಸ್ ಅಂಗಡಿಯ ಗಾಜಿನ ಕಿಟಕಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಬೇಡಿಕೆ ಕೈಮೀರಿತು. ಗಾಡಿ ತಯಾರಿಸಿಕೊಡಿ ಎಂದು ದೊಡ್ಡ ಕಾರ್ಖಾನೆಗಳನ್ನು ಕೇಳಿದರೆ ಯಾರೂ ಒಪ್ಪಲಿಲ್ಲ. ಕೊನೆಗೆ ಗಿರಾಕಿಗಳ ಮುಂಗಡದಲ್ಲೇ ಯಂತ್ರಗಳನ್ನು ಕೊಂಡು 1912ರಲ್ಲಿ ಕಂಪನಿಯನ್ನು ಕಟ್ಟಿದರು. ಅಧ್ಯಕ್ಷರು, ಊಹಿಸಿದಂತೆಯೇ, ಪಾದ್ರಿ ಅಪ್ಪ. ಅದೇ ವರ್ಷ ಮಗ ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಯಲ್ಲಿ ಒಂದು ಗಂಟೆಯಲ್ಲಿ ಅರವತ್ತು ಮೈಲಿಗೆ ತುಸುವೇ ಕಡಿಮೆ ದೂರ ಓಡಿಸಿದ. 1913ರಲ್ಲಿ ಫ್ರಾನ್ಸಿನ ಅಮಿಯಾನ್ ಪಂದ್ಯದಲ್ಲಿ ಮೆಕ್‌ಮಿನೀಸ್ ಎಂಬಾತ ಮಾರ್ಗನ್ ಗಾಡಿ ಓಡಿಸಿ ಮೊದಲು ಗುರಿ ಮುಟ್ಟಿದಾಗ, ಮೂರು ಚಕ್ರದ್ದು ಕಾರಲ್ಲ, ಸೈಡ್‌ಕಾರ್ ಕಟ್ಟಿದ ಮೋಟಾರ್‌ಸೈಕಲ್ ಎಂದು ಫ್ರೆಂಚರು ವಾದ ಹೂಡಿದರು.

ಕಾರೋ ಮೋಟಾರ್‌ಸೈಕಲ್ಲೋ ಎಂಬ ಈ ಜಗಳ ತವರಿನಲ್ಲಿ ಮಾರ್ಗನ್‌ಗೆ ವರವಾಯಿತು. 1921ರಿಂದ ಬ್ರಿಟನ್ನಿನಲ್ಲಿ ಕಾರಿನ ತೆರಿಗೆ ಅಶ್ವಶಕ್ತಿಗೆ ಒಂದು ಪೌಂಡು. ಎಂಟು ಹಂಡ್ರೆಡ್‌ವೇಟ್, ಅಂದರೆ ಸುಮಾರು 406 ಕಿಲೋ ತೂಕದ ಒಳಗಿನ ಮೂರು ಚಕ್ರದ ಗಾಡಿ ಮಾತ್ರ ಮೋಟಾರ್‌ಸೈಕಲ್ಲಿನ ಲೆಕ್ಕ, ವರ್ಷಕ್ಕೆ ನಾಲ್ಕೇ ಪೌಂಡು. 1922ರಲ್ಲಿ ಆಸ್ಟಿನ್ ಸೆವೆನ್ ಎಂಬ ನಾಲ್ಕು ಚಕ್ರದ ಪುಟ್ಟ ಕಾರು ಬಂದು ಅಗ್ಗದ ಹಗುರ ಗಾಡಿಗಳ ಕಂಪನಿಗಳನ್ನು ಸಾಲುಸಾಲಾಗಿ ಮುಳುಗಿಸಿತು, ಆದರೆ ಅದರ ತೆರಿಗೆ ಎಂಟು ಪೌಂಡು. ಮಾರ್ಗನ್ ತೇಲಿದ್ದಕ್ಕೆ ವೇಗ, ಗೆಲುವುಗಳ ಜೊತೆಗೆ ಈ ನಾಲ್ಕು ಪೌಂಡಿನ ವ್ಯತ್ಯಾಸವೂ ಕಾರಣ ಎಂಬುದು ನನ್ನ ಎಣಿಕೆ. ಗಿರಾಕಿಯ ಜೇಬನ್ನು ಬಲ್ಲ ಗ್ಯಾರೇಜಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಲ್ಲ ಚೆಂದವೇನಲ್ಲ. ನಾಲ್ಕು ಚಕ್ರದ ಗಾಡಿ ರಸ್ತೆಯ ಮೇಲೆ ಎರಡು ಗೆರೆ ಎಳೆಯುತ್ತದೆ, ಮೂರು ಚಕ್ರದ್ದು ಮೂರು ಗೆರೆ. ಮುಂದಿನ ಚಕ್ರಗಳ ನಡುವೆ ಗುಂಡಿಯನ್ನು ದಾಟಿಸಿದೆನೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಹಿಂದಿನದು ಅದರೊಳಗೇ ಇಳಿಯುತ್ತದೆ. ಆ ಹಿಂದಿನ ಚಕ್ರ ಪಂಕ್ಚರ್ ಆದರೆ ಎಣ್ಣೆ ಮೆತ್ತಿದ ಚೈನುಗಳ ನಡುವೆ ಕೈ ಹಾಕಬೇಕು. 1924ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 200 ಮೈಲಿ ಪಂದ್ಯದಲ್ಲಿ ಮಾರ್ಗನ್ ಗಾಡಿಯೊಂದು ಭೀಕರವಾಗಿ ಉರುಳಿದ ಮೇಲೆ ಅಲ್ಲಿ ಮೂರು ಚಕ್ರದವುಗಳನ್ನು ಕಾರುಗಳ ಜೊತೆ ಓಡಿಸುವುದನ್ನೇ ನಿಲ್ಲಿಸಿದರು.

1935ರ ಜನವರಿಯಲ್ಲಿ ಸರ್ಕಾರ ಕಾರಿನ ತೆರಿಗೆಯನ್ನು ಅಶ್ವಶಕ್ತಿಗೆ 15 ಶಿಲ್ಲಿಂಗಿಗೆ, ಅಂದರೆ ಮುಕ್ಕಾಲು ಪೌಂಡಿಗೆ, ಇಳಿಸಿತು. ಅದೇ ವರ್ಷ ಫೋರ್ಡ್ ನೂರು ಪೌಂಡಿಗೆ ನಾಲ್ಕು ಚಕ್ರದ, ಮುಚ್ಚಿಗೆಯ ಕಾರನ್ನು ಮಾರಲು ನಿಂತಿತು. ಹೆಂಡತಿ ಮಕ್ಕಳನ್ನು ಮಳೆಯಲ್ಲಿ ನೆನೆಸದೆ ಕರೆದೊಯ್ಯುವ ಗಾಡಿ ಆ ಬೆಲೆಗೆ ಸಿಗುವಾಗ ಚೈನಿಗೆ ಎಣ್ಣೆ ಬಿಡುವವರು ಎಷ್ಟು ಜನ? ಮಾರ್ಗನ್ ಮರುವರ್ಷ ನಾಲ್ಕು ಚಕ್ರ, ನಾಲ್ಕು ಸಿಲಿಂಡರಿನ 4-4 ಎಂಬ ಕಾರನ್ನು ಮಾರುಕಟ್ಟೆಗೆ ತಂದ. ಮೂರು ಚಕ್ರದವು ಫೋರ್ಡ್ ಎಂಜಿನ್ ಹೊತ್ತು 1952ರವರೆಗೆ ಕುಂಟುತ್ತಾ ಬಂದು ನಿಂತವು. 2011ರಲ್ಲಿ ಕಂಪನಿ ಮತ್ತೆ ಮೂರು ಚಕ್ರದ ಗಾಡಿ ತಂದಾಗ ಎಂಜಿನ್ ಹಿಂದಿನಂತೆಯೇ ಮೂತಿಯ ಮೇಲೆ ಬಯಲಿಗೆ ಕೂತಿತ್ತು. ತೆರಿಗೆ ಉಳಿಸಲೆಂದು ಅದನ್ನು ಕೊಂಡವರು ಯಾರೂ ಇರಲಿಕ್ಕಿಲ್ಲ.

ಸೀಮೆಸುಣ್ಣದ ಚಿತ್ರ ಮುಗಿದ ಮೇಲೆ ನಮ್ಮ ಹುಡುಗನೊಬ್ಬ ಕಳೆದ ತಿಂಗಳು ಕೇಳಿದ: “ಸಾರ್, ಇದರಲ್ಲಿ ಪ್ಯಾಸೆಂಜರ್ ಎಲ್ಲಿ ಕೂರುತ್ತಾರೆ?” ಚಾಲಕನ ಪಕ್ಕ ಒಬ್ಬರು ಎಂದೆ. “ಹಾಗಾದರೆ ಬಾಡಿಗೆಗೆ ಆಗುವುದಿಲ್ಲ” ಎಂದು ಚಿತ್ರವನ್ನು ತುಳಿದುಕೊಂಡು ಸ್ಪ್ಯಾನರ್ ತರಲು ಹೋದ.