ಕೈ ನಿಧಾನವಾದಾಗಲೇ ಚೆಂಡು ದೂರ ಹೋಗುತ್ತದೆ

ಗಾಲ್ಫ್ ಕ್ಲಬ್ಬಿನ, ಅಂದರೆ ಚೆಂಡು ಹೊಡೆಯುವ ಕೋಲಿನ, ತಲೆ ಚೆಂಡಿಗೆ ತಾಗಿ ಬಿಡುವುದಕ್ಕೆ ಹಿಡಿಯುವ ಸಮಯ ಸುಮಾರು 0.0005 ಸೆಕೆಂಡ್. ಆದರೂ ಹವ್ಯಾಸಿ ಆಟಗಾರರಿಗೆ ಸುತ್ತ ನಿಂತವರು ಕೊಡುವ ಸಲಹೆ ಒಂದೇ: ‘ತಾಗುವ ಹೊತ್ತಿಗೆ ಸರಿಯಾಗಿ ಬಲ ಹಾಕು.’ ಇದಕ್ಕಿಂತ ಹಾನಿಕರವಾದ ಮಾತು ಈ ಆಟದಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಚೆಂಡಿನ ತೂಕ 46 ಗ್ರಾಂ, ದೂರ ಹೊಡೆಯಲು ಬಳಸುವ ಡ್ರೈವರ್ ಎಂಬ ಕ್ಲಬ್ಬಿನ ತಲೆಯ ತೂಕ ಸುಮಾರು 200 ಗ್ರಾಂ. ಹವ್ಯಾಸಿಯೊಬ್ಬರ ಕ್ಲಬ್ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬಂದರೆ ಚೆಂಡು ಹೆಚ್ಚುಕಡಿಮೆ 60 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಅರ್ಧ ಮಿಲಿಸೆಕೆಂಡಿನಲ್ಲಿ ಅಷ್ಟು ವೇಗ ಬರಬೇಕಾದರೆ ಚೆಂಡಿನ ಮೇಲೆ ಬೀಳುವ ಸರಾಸರಿ ಬಲ ಸುಮಾರು 5,500 ನ್ಯೂಟನ್, ಅಂದರೆ ಅರ್ಧ ಟನ್ನಿಗೂ ಮೀರಿದ ಭಾರ. ಈಗ ನಿಮ್ಮ ಕೈ ಅದೇ ಗಳಿಗೆಯಲ್ಲಿ 100 ನ್ಯೂಟನ್ ಬಲದಿಂದ ನೂಕಿತು ಎಂದುಕೊಳ್ಳಿ. ಚೆಂಡಿನ ಒಟ್ಟು ಆವೇಗದಲ್ಲಿ ಅದರ ಪಾಲು ನೂರಕ್ಕೆ ಎರಡೂ ಆಗುವುದಿಲ್ಲ. ಅಷ್ಟೂ ಚೆಂಡಿಗೆ ಮುಟ್ಟುವುದಿಲ್ಲ, ಏಕೆಂದರೆ ನಡುವೆ ಬಾಗುವ ಶಾಫ್ಟ್, ಅಂದರೆ ಕ್ಲಬ್ಬಿನ ದಂಡ, ಇದೆ. ತಾಗಿದ್ದು ಅಂಗೈಗೆ ಗೊತ್ತಾಗಿ, ಮಿದುಳಿಗೆ ತಲುಪಿ, ತಿರುಗಿ ಸ್ನಾಯುವಿಗೆ ಆದೇಶ ಬರುವಷ್ಟರಲ್ಲಿ 0.1 ಸೆಕೆಂಡಾದರೂ ಕಳೆದಿರುತ್ತದೆ. ಚೆಂಡು ಆಗಲೇ 6 ಮೀಟರ್ ಆಚೆ ಇರುತ್ತದೆ.

1960ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಅಲಸ್ಟೇರ್ ಕಾಕ್ರನ್, ಗಾಲ್ಫ್ ಬರಹಗಾರ ಜಾನ್ ಸ್ಟಾಬ್ಸ್ ಮತ್ತು ಅವರ ಜೊತೆಯವರು ಇದನ್ನು ಪ್ರಯೋಗದಲ್ಲೇ ತೋರಿಸಿದರು. ಕ್ಲಬ್ಬಿನ ತಲೆಗಿಂತ ತುಸು ಮೇಲೆ ಶಾಫ್ಟಿಗೆ ಒಂದು ಕೀಲು ಕೂರಿಸಿದರು. ಆ ಕೀಲಿನ ಮೂಲಕ ಕೈಯ ನೂಕು ತಲೆಗೆ ದಾಟುವಂತಿಲ್ಲ. ಆದರೂ ಚೆಂಡು ಹೆಚ್ಚುಕಡಿಮೆ ಮಾಮೂಲಿ ಕ್ಲಬ್ಬಿನಲ್ಲಿ ಹೋಗುವಷ್ಟೇ ದೂರ ಹೋಯಿತು! ತಾಗುವ ಕ್ಷಣದಲ್ಲಿ ಕ್ಲಬ್ಬಿನ ತಲೆ ಕೈಬಿಟ್ಟ ಕಲ್ಲಿನ ಹಾಗೆಯೇ ಇರುತ್ತದೆ. ಮುಖ್ಯವಾದುದೆಲ್ಲ ಅದಕ್ಕೂ ಮೊದಲು, ಕ್ಲಬ್ ಮೇಲಿಂದ ಇಳಿಯುವ ಕಾಲು ಸೆಕೆಂಡಿನ ಆಸುಪಾಸಿನಲ್ಲೇ ನಡೆದುಹೋಗಿರುತ್ತದೆ.

ನಮ್ಮ ಕಡೆ ಈ ತಪ್ಪು ಕಲ್ಪನೆ ಎಲ್ಲಿಂದ ಬರುತ್ತದೆ ಎಂಬುದು ಊಹಿಸಲಾಗದ ವಿಷಯವೇನಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು ಮುಂದೆ ಬೆಂಗಳೂರಿಗೋ ಮುಂಬೈಗೋ ಕೆಲಸಕ್ಕೆ ಹೋಗಿ, ಅಲ್ಲಿ ಮೊದಲ ಸಲ ಗಾಲ್ಫ್ ಕ್ಲಬ್ ಹಿಡಿಯುತ್ತಾರೆ. ಬ್ಯಾಟಿನ ಹಿಡಿಯಲ್ಲಿ ಕೆಳಗಿನ ಕೈಯನ್ನು ಜೋರಾಗಿ ನೂಕಿ ಸಿಕ್ಸರ್ ಎತ್ತಿದ ಅಭ್ಯಾಸ ತೋಳಿನಲ್ಲೇ ಉಳಿದಿರುತ್ತದೆ. ಬ್ಯಾಟ್ ಸುಮಾರು ಒಂದು ಕಿಲೋ ಭಾರ, ಉದ್ದ ಕಡಿಮೆ, ಮೇಲಾಗಿ ಚೆಂಡು ತಾನೇ ಓಡಿ ಬರುತ್ತದೆ. ಒಂದು ಮೀಟರಿಗೂ ಉದ್ದದ ಹಗುರ ದಂಡ ಹಿಡಿದು ನಿಂತ ಚೆಂಡನ್ನು ಹೊಡೆಯುವಾಗ ಆ ಅಭ್ಯಾಸವೇ ಶತ್ರು.

ಗಾಲ್ಫ್ ಚೆಂಡನ್ನು ಹೊಡೆಯುವ ಬಗೆ ಎರಡು, ಹಿಟ್ ಮತ್ತು ಸ್ವಿಂಗ್. ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ. ಹಿಟ್ ಮಾಡುವವರು ಮಡಚಿದ ಬಲಮೊಣಕೈಯನ್ನು ಬಿಚ್ಚುತ್ತಾ ಬಲ ಅಂಗೈಯಿಂದ ಶಾಫ್ಟನ್ನು ಹಿಂದಿನಿಂದ ನೂಕುತ್ತಾರೆ. ಸ್ವಿಂಗ್ ಮಾಡುವವರು ಸೊಂಟ, ಭುಜಗಳನ್ನು ತಿರುಗಿಸಿ ಎಡತೋಳಿನ ಮೂಲಕ ಶಾಫ್ಟನ್ನು ಅದರ ಉದ್ದಕ್ಕೇ ಎಳೆಯುತ್ತಾರೆ, ಮಣಿಕಟ್ಟು ತಾನಾಗಿ ಬಿಚ್ಚಿಕೊಳ್ಳಲು ಬಿಡುತ್ತಾರೆ. 1969ರಲ್ಲಿ ಅಮೆರಿಕದ ಹೋಮರ್ ಕೆಲ್ಲಿ ತಮ್ಮ ಗಾಲ್ಫ್ ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬೇರೆ ವಿಧಾನಗಳೆಂದು ಸ್ಪಷ್ಟವಾಗಿ ವಿಂಗಡಿಸಿದರು. ಎರಡರಿಂದಲೂ ಚೆಂಡು ಹೋಗುತ್ತದೆ. ತೊಂದರೆ ಶುರುವಾಗುವುದು ಸ್ವಿಂಗ್ ಆರಂಭಿಸಿ ಅರ್ಧದಾರಿಯಲ್ಲಿ ಹಿಟ್‌ಗೆ ಹಾರಿದಾಗ. ಹವ್ಯಾಸಿಗಳಲ್ಲಿ ಬಹುಪಾಲು ಮಂದಿ ಮಾಡುವುದು ಇದನ್ನೇ.

ಭೌತವಿಜ್ಞಾನದಲ್ಲಿ ನನಗೆ ಎಷ್ಟು ವಿವರಿಸಿದರೂ ತೃಪ್ತಿಯಾಗದ ವಿಷಯ ಇಲ್ಲಿದೆ, ಜೋಡಿ ಲೋಲಕ. ಭುಜದಿಂದ ಕೈವರೆಗೆ ಒಂದು ದಂಡ, ಕೈಯಿಂದ ಕ್ಲಬ್ಬಿನ ತಲೆಯವರೆಗೆ ಇನ್ನೊಂದು, ನಡುವೆ ಮಣಿಕಟ್ಟೆಂಬ ಕೀಲು. ಮೇಲಿನಿಂದ ಇಳಿಯಲು ತೊಡಗುವಾಗ ಮಣಿಕಟ್ಟು ಸುಮಾರು 90 ಡಿಗ್ರಿ ಮಡಚಿರುತ್ತದೆ. ಕ್ಲಬ್ಬಿನ ಭಾರ ಮೈಗೆ ಹತ್ತಿರ ಇರುವುದರಿಂದ ಇಡೀ ವ್ಯವಸ್ಥೆಯನ್ನು ತಿರುಗಿಸುವುದು ಸುಲಭ, ತೋಳು ಬೇಗ ವೇಗ ಪಡೆಯುತ್ತದೆ. ಕೈ ವೃತ್ತದಲ್ಲಿ ಸಾಗುತ್ತಿದೆ, ಕ್ಲಬ್ಬಿನ ತಲೆ ನೇರ ಹೋಗಲು ಹವಣಿಸುತ್ತದೆ. ಈ ಎಳೆದಾಟದಲ್ಲಿ ಕೀಲು ತೆರೆಯುತ್ತದೆ. ಯಾರೂ ತೆರೆಯಬೇಕಿಲ್ಲ.

ಕೀಲು ತೆರೆಯುತ್ತಿದ್ದಂತೆ ಕ್ಲಬ್ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಕೈಯ ವೇಗ ಇಳಿಯುತ್ತದೆ, ತಲೆಯ ವೇಗ ಏರುತ್ತದೆ. ತೋಳಿನಲ್ಲಿದ್ದ ಚಲನಶಕ್ತಿ ಕೀಲಿನ ಮೂಲಕ ಕ್ಲಬ್ಬಿಗೆ ಹರಿದುಹೋಗುವ ರೀತಿಯೇ ಇದು. 40 ಮೀಟರ್ ವೇಗದ 200 ಗ್ರಾಂ ತಲೆಯಲ್ಲಿ 160 ಜೂಲ್ ಶಕ್ತಿ ಇರುತ್ತದೆ, ಅದರಲ್ಲಿ ಅರ್ಧದಷ್ಟು ಚೆಂಡಿಗೆ ಸೇರುತ್ತದೆ. ಮಳೆಗಾಲಕ್ಕೆ ಮೊದಲು ಶಿರಸಿ ಕಡೆಯ ಮನೆಗಳಲ್ಲಿ ಕಟ್ಟಿಗೆ ಒಡೆಯುವವರನ್ನು ನೋಡಿದವರಿಗೆ ಇದು ಕಣ್ಣಿಗೆ ಕಟ್ಟಿದಂತೆ ಇರುತ್ತದೆ. ಪಳಗಿದವರ ಕೈ ಕೊನೆಯಲ್ಲಿ ಹೊಟ್ಟೆಯ ಮುಂದೆ ಬಂದು ಹೆಚ್ಚುಕಡಿಮೆ ನಿಲ್ಲುತ್ತದೆ, ಕೊಡಲಿಯ ತಲೆ ಮಾತ್ರ ಮುಂದೆ ಹಾಯುತ್ತದೆ. ಹೊಸಬರು ಕೊನೆತನಕ ಕಾವನ್ನು ಒತ್ತುತ್ತಾರೆ, ಕೊಡಲಿ ಕಟ್ಟಿಗೆಯಲ್ಲೇ ಕಚ್ಚಿಕೊಳ್ಳುತ್ತದೆ.

ಹವ್ಯಾಸಿ ಮೋಸಹೋಗುವ ಜಾಗವೂ ಇದೇ. ಕೈ ನಿಧಾನವಾದದ್ದು ಅವರಿಗೆ ಬಲ ಕುಸಿದಂತೆ ಅನಿಸುತ್ತದೆ. ಶಕ್ತಿ ಸರಿಯಾಗಿ ದಾಟುತ್ತಿರುವ ಗಳಿಗೆಯಲ್ಲೇ ಗಾಬರಿಯಾಗಿ ಬಲಗೈಯಿಂದ ನೂಕುತ್ತಾರೆ. ಮುಂದಿನ ಸಲ ಇನ್ನೂ ಮೊದಲೇ ನೂಕುತ್ತಾರೆ. ಆಗ ಕೀಲು ಬೇಗ ತೆರೆದುಕೊಂಡು, ಕ್ಲಬ್ಬಿನ ಗರಿಷ್ಠ ವೇಗ ಚೆಂಡಿಗಿಂತ ಎಷ್ಟೋ ಹಿಂದೆಯೇ ಬಂದು ಹೋಗುತ್ತದೆ.

ಕೊನೆಯ ಗಳಿಗೆಯಲ್ಲಿ ಸ್ನಾಯು ಏನು ಕೊಡಬಲ್ಲದು? ಇದಕ್ಕೆ ಉತ್ತರ ಕಂಡವರು ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಎ.ವಿ. ಹಿಲ್. 1922ರ ನೊಬೆಲ್ ಬಹುಮಾನ ಅವರಿಗೆ ಸಂದಿತ್ತು. ಸ್ನಾಯು ವೇಗವಾಗಿ ಕುಗ್ಗುವಾಗ ಅದು ಹಾಕಬಲ್ಲ ಬಲ ಕಡಿಮೆಯಾಗುತ್ತದೆ ಎಂಬುದನ್ನು ಅವರು 1938ರಲ್ಲಿ ಕಪ್ಪೆಯ ಸ್ನಾಯುವಿನ ಪ್ರಯೋಗಗಳಿಂದ ಸಮೀಕರಣದ ರೂಪದಲ್ಲಿ ಕೊಟ್ಟರು. ಇಳಿತದ ಕೊನೆಯಲ್ಲಿ ಕ್ಲಬ್ ಎಷ್ಟು ವೇಗವಾಗಿ ಓಡುತ್ತಿರುತ್ತದೆ ಎಂದರೆ ಅದನ್ನು ಬೆನ್ನಟ್ಟಿ ನೂಕುವುದೇ ಬಲಗೈಗೆ ಕಷ್ಟ. ತಡವಾಗಿ, ಸರಿಯಾದ ಕಾಲಕ್ಕೆ ಹಾಕಿದ ಮಣಿಕಟ್ಟಿನ ಬಲ ಒಂದಿಷ್ಟು ವೇಗ ಸೇರಿಸುತ್ತದೆ ನಿಜ. ಬೇಗ ಹಾಕಿದರೆ ಇದ್ದದ್ದೂ ಹೋಗುತ್ತದೆ. ಗಟ್ಟಿ ತೋಳಿದ್ದು, ಕ್ಲಬ್ಬನ್ನು ಹೆಚ್ಚು ಹಿಂದಕ್ಕೆ ಒಯ್ಯದೆ, ಆರಂಭದಿಂದ ಅಂತ್ಯದವರೆಗೆ ಒಂದೇ ಸಮ ನೂಕಬಲ್ಲವರು ಹಿಟ್ ಮಾಡಲಿ. ವಾರಕ್ಕೊಮ್ಮೆ ಆಡುವವರಿಗೆ, ಐವತ್ತು ದಾಟಿದವರಿಗೆ ನಾನು ಸ್ವಿಂಗನ್ನೇ ಹೇಳುತ್ತೇನೆ.

ವಿಜ್ಞಾನದ ದೃಷ್ಟಿಯಲ್ಲಿ ಈ ಆಟದ ಕಥೆ ತಿರುಗುಮುರುಗಾಗಿ ಬೆಳೆದದ್ದು ನನಗೆ ಸೋಜಿಗ. ಎಡಿನ್‌ಬರೋದ ಪ್ರಾಧ್ಯಾಪಕ ಪಿ.ಜಿ. ಟೇಟ್ 1890ರ ದಶಕದಲ್ಲೇ ಚೆಂಡಿನ ಹಿಮ್ಮುಖ ತಿರುಗಾಟ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ ಎಂದು ವಿವರಿಸಿದ್ದರು. ಅವರ ಮಗ ಫ್ರೆಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಹವ್ಯಾಸಿ ಚಾಂಪಿಯನ್ ಆದ ಆಟಗಾರ. ಚೆಂಡು ಹಾರಿದ ಮೇಲಿನ ಕಥೆ ಹೀಗೆ ಮೊದಲೇ ಬಿಡಿಸಿಕೊಂಡಿತು. ಹಾರುವ ಮೊದಲಿನ ಕಾಲು ಸೆಕೆಂಡನ್ನು ನೋಡಲು 1930ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ ಮಿಂಚುದೀಪದ ಛಾಯಾಚಿತ್ರಗಳನ್ನು ತೆಗೆಯುವವರೆಗೆ ಕಾಯಬೇಕಾಯಿತು. ಅವರ ಚಿತ್ರಗಳಲ್ಲಿ ಕ್ಲಬ್ಬಿನ ಒಂದರ ಪಕ್ಕ ಒಂದು ಬಿಂಬಗಳು ಬೀಸಣಿಗೆಯಂತೆ ಹರಡಿಕೊಂಡಿರುತ್ತವೆ, ಎಲ್ಲಿ ವೇಗ ಹೆಚ್ಚಿತು ಎಂದು ಅಳೆಯಬಹುದು. ಇಷ್ಟೆಲ್ಲ ಸಾಕ್ಷ್ಯ ಇರುವಾಗ ಆಟಗಾರರಿಗೆ ‘ಬಲ ಹೆಚ್ಚಿಸುವ’ ಅಯಸ್ಕಾಂತದ ಕಡಗ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಡಗಕ್ಕೆ ಹಾಕುವ ದುಡ್ಡಿನಲ್ಲಿ ಒಳ್ಳೆಯ ಚೆಂಡುಗಳನ್ನು ಕೊಳ್ಳಬಹುದು.

ನಿಮ್ಮ ಮಣಿಕಟ್ಟಿನ ಕೀಲು ಯಾವಾಗ ತೆರೆಯುತ್ತಿದೆ ಎಂದು ತಿಳಿಯಲು ಕ್ಯಾಮೆರಾ ಬೇಡ, ಒಂದು ಸೆಂಟಿಮೀಟರ್ ದಪ್ಪದ ಬೆತ್ತ ಸಾಕು. ಗಾಳಿಯಲ್ಲಿ ಬೀಸಿದ ಕೋಲಿನ ಶಬ್ದದ ಸ್ಥಾಯಿ ಅದರ ವೇಗಕ್ಕೆ ತಕ್ಕಂತೆ ಏರುತ್ತದೆ ಎಂದು 1878ರಲ್ಲಿ ಸ್ಟ್ರೌಹಾಲ್ ಎಂಬ ಝೆಕ್ ವಿಜ್ಞಾನಿ ಕಂಡುಕೊಂಡರು. ಈ ದಪ್ಪದ ಬೆತ್ತ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಸುಮಾರು 400 ಹರ್ಟ್ಸ್, 40 ಮೀಟರ್ ವೇಗದಲ್ಲಿ ಸುಮಾರು 800 ಹರ್ಟ್ಸ್ ಸದ್ದು ಮಾಡುತ್ತದೆ. ಅಂಗಳದಲ್ಲಿ ನಿಂತು ಚೆಂಡಿರಬೇಕಾದ ಜಾಗಕ್ಕೆ ಒಂದು ಗುರುತು ಹಾಕಿ ಬೀಸಿ. ಸುಯ್ ಎನ್ನುವ ಸದ್ದು ಬಲಪಾದದ ಹತ್ತಿರವೇ ಕೀರಲಾದರೆ ನೀವು ಬೇಗ ನೂಕುತ್ತಿದ್ದೀರಿ. ಹಿಡಿತ ಸಡಿಲಿಸಿ, ಬಲಗೈಯ ತೋರುಬೆರಳನ್ನು ಬೆತ್ತದಿಂದ ತೆಗೆದು ಮತ್ತೆ ಬೀಸಿ. ಸದ್ದು ಅತಿ ಕೀರಲಾಗುವ ಜಾಗ ಗುರುತನ್ನು ದಾಟಿ ಎಡಪಾದದ ಕಡೆಗೆ ಸರಿಯುವವರೆಗೆ ಚೆಂಡನ್ನು ಮುಟ್ಟಬೇಡಿ.