ಅಲೆಯ ಕರೆಂಟು ನಮ್ಮ ಹೊಲಕ್ಕೆ ಬರುತ್ತದೆಯೇ?

ಪ್ರಶ್ನೆ: ಸಂಜೆಯಾದರೆ ಸೋಲಾರ್ ನಿಲ್ಲುತ್ತದೆ, ಗಾಳಿಯನ್ನು ನಂಬುವಂತಿಲ್ಲ. ಸಮುದ್ರದ ಅಲೆ ಮಾತ್ರ ಹಗಲು ರಾತ್ರಿ ಏಳುತ್ತಲೇ ಇರುತ್ತದೆ. ಮತ್ತೆ ಅದರಿಂದ ಯಾಕೆ ಕರೆಂಟು ತೆಗೆಯುತ್ತಿಲ್ಲ? ತೆಗೆದರೆ ನಮ್ಮ ಸೇಡಂ ಕಡೆಗೂ ಬರುತ್ತದೆಯೇ, ಅಥವಾ ಈಗಲೇ ಪಂಪ್‌ಸೆಟ್ಟಿಗೆ ಸೋಲಾರ್ ಹಾಕಿಸಲೇ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಹಾಕಿಸುವ ಮನಸ್ಸಿದ್ದರೆ ಹಾಕಿಸಿ, ಅಲೆಗೆ ಕಾಯಬೇಡಿ.

ಹಾಗಂತ ಅಲೆಯಲ್ಲಿ ಬಲವಿಲ್ಲ ಅಂತಲ್ಲ. ಎಂಟು ಸೆಕೆಂಡಿಗೊಮ್ಮೆ ಬರುವ ಒಂದು ಮೀಟರ್ ಎತ್ತರದ ಅಲೆಗಳನ್ನೇ ತಗೊಳ್ಳಿ. ದಡದುದ್ದಕ್ಕೆ ಅಳೆದ ಪ್ರತಿ ಮೀಟರಿನಲ್ಲಿ ಸುಮಾರು 4 ಕಿಲೋವ್ಯಾಟ್ ಶಕ್ತಿ ಇರುತ್ತದೆ. ನಿಮ್ಮ ಐದು ಎಚ್‌ಪಿ ಮೋಟರಿಗೆ ಬೇಕಾದದ್ದು 3.7 ಕಿಲೋವ್ಯಾಟ್. ಅಂದರೆ ಒಂದು ಮೀಟರ್ ಅಗಲದ ನೀರಿನಲ್ಲಿ ಒಂದು ಪಂಪ್‌ಸೆಟ್ಟಿನಷ್ಟು ಶಕ್ತಿ! ಅದರಲ್ಲಿ ಕರೆಂಟಾಗಿ ಕೈಗೆ ಸಿಗುವುದು ಒಂದು ಪಾಲು ಮಾತ್ರ, ಅದು ಬೇರೆ ಮಾತು.

ತೆಗೆಯುವ ಒಂದು ಬಗೆ ನೋಡಿ. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಮದ್ರಾಸ್ ಐಐಟಿಯವರು 150 ಕಿಲೋವ್ಯಾಟ್‌ನ ಘಟಕ ಕಟ್ಟಿದರು. ಸಮುದ್ರದೊಳಗೆ ಕಾಂಕ್ರೀಟಿನ ಒಂದು ದೊಡ್ಡ ಕೋಣೆ, ಅದರ ಬಾಯಿ ನೀರಿನ ಕೆಳಗೆ. ಅಲೆ ಬಂದಾಗ ಒಳಗಿನ ನೀರು ಏರಿ ಮೇಲಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಅಲೆ ಇಳಿದಾಗ ಗಾಳಿ ಮತ್ತೆ ಒಳಕ್ಕೆ ನುಗ್ಗುತ್ತದೆ. ಕಮ್ಮಾರರ ತಿದಿ ಉಸಿರಾಡಿದ ಹಾಗೆ. ಆ ಗಾಳಿಯ ದಾರಿಯಲ್ಲೇ ಟರ್ಬೈನ್, ಅಂದರೆ ತಿರುಗಿ ಕರೆಂಟು ಹುಟ್ಟಿಸುವ ಚಕ್ರ, ಇರುತ್ತದೆ. ಗಾಳಿ ಹೋಗಲಿ, ಬರಲಿ, ಅದು ಒಂದೇ ಕಡೆಗೆ ತಿರುಗುತ್ತದೆ. ಬೆಲ್‌ಫಾಸ್ಟಿನ ಪ್ರೊಫೆಸರ್ ಆಲನ್ ವೆಲ್ಸ್ 1970ರ ದಶಕದಲ್ಲಿ ಕಂಡುಹಿಡಿದದ್ದು ಇದು. ನನಗಂತೂ ಬಹಳ ಮೆಚ್ಚುಗೆಯಾದ ಯಂತ್ರ.

ಹಾಗಾದರೆ ತೊಡಕು ಎಲ್ಲಿ? ಅಲೆ ನಿಲ್ಲುವುದಿಲ್ಲ, ನಿಜ. ಆದರೆ ಒಂದೇ ಸಮ ಇರುವುದೂ ಇಲ್ಲ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹನ್ನೆರಡು ಸೆಕೆಂಡಿಗೊಮ್ಮೆ ಹತ್ತು ಮೀಟರ್ ಅಲೆ ಏಳುವ ಬಿರುಗಾಳಿಯಲ್ಲಿ ಲೆಕ್ಕ ಮೀಟರಿಗೆ 600 ಕಿಲೋವ್ಯಾಟ್ ಮುಟ್ಟುತ್ತದೆ. ಮಾಮೂಲಿ ದಿನದ 4 ಎಲ್ಲಿ, ಈ 600 ಎಲ್ಲಿ! ವರ್ಷದಲ್ಲಿ ಬಹಳಷ್ಟು ದಿನ ಸಣ್ಣ ಅಲೆಯಿಂದ ದುಡಿಯಬೇಕಾದ ಯಂತ್ರವನ್ನು, ಒಂದು ದಿನದ ಬಿರುಗಾಳಿಗೂ ಮುರಿಯದಂತೆ ಕಟ್ಟಬೇಕು. ಖರ್ಚೆಲ್ಲ ಅಲ್ಲಿಗೇ ಹೋಗುತ್ತದೆ. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೆಟ್ಟರೆ ರಿಪೇರಿಗೆ ದೋಣಿಯಲ್ಲೇ ಹೋಗಬೇಕು, ಅದೂ ಸಮುದ್ರ ಶಾಂತವಾದ ಮೇಲೆ.

ಪೋರ್ಚುಗಲ್ ತೀರದಲ್ಲಿ 2008ರಲ್ಲಿ ಪೆಲಾಮಿಸ್ ಎಂಬ ಮೂರು ಉದ್ದನೆಯ ತೇಲುವ ಯಂತ್ರಗಳನ್ನು ಇಳಿಸಿದರು. ಒಟ್ಟು 2.25 ಮೆಗಾವ್ಯಾಟ್. ಕೆಲವೇ ತಿಂಗಳಲ್ಲಿ ದಡಕ್ಕೆ ಎಳೆದು ತರಬೇಕಾಯಿತು. ಸ್ಪೇನಿನ ಮುತ್ರಿಕು ಬಂದರಿನದು ಬೇರೆ ಕಥೆ. ಅಲ್ಲಿ ಬಂದರಿನ ತಡೆಗೋಡೆಯೊಳಗೇ 16 ಟರ್ಬೈನ್ ಕೂರಿಸಿ 2011ರಿಂದ ಕರೆಂಟು ತೆಗೆದರು. ಹೇಗೂ ಕಟ್ಟಲೇಬೇಕಾದ ಗೋಡೆ, ರಿಪೇರಿಗೆ ನಡೆದುಕೊಂಡೇ ಹೋಗಬಹುದು. ಅಲೆ ವಿದ್ಯುತ್ತಿಗೆ ಸರಿಯಾದ ದಾರಿ ಇದೇ ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ 2022ರಲ್ಲಿ ಮದ್ರಾಸ್ ಐಐಟಿಯವರು ತೂತ್ತುಕುಡಿಯಿಂದ ಆರು ಕಿ.ಮೀ. ದೂರದ ಸಮುದ್ರದಲ್ಲಿ ಸಿಂಧುಜಾ-1 ಎಂಬ ಯಂತ್ರ ಇಳಿಸಿದರು. ಅದು ಕೊಟ್ಟದ್ದು 100 ವ್ಯಾಟ್. ಇದನ್ನು ಸಣ್ಣದು ಅನ್ನಬೇಡಿ. ದ್ವೀಪಗಳಿಗೆ, ನಡುಸಮುದ್ರದ ಉಪಕರಣಗಳಿಗೆ ತಂತಿ ಎಳೆಯುವುದು ಬಲು ಕಷ್ಟ. ಇಂಥ ಯಂತ್ರಕ್ಕೆ ಮೊದಲ ಕೆಲಸ ಅಲ್ಲಿದೆ.

ಇನ್ನು ಸೇಡಂಗೆ ಬರುತ್ತದೆಯೇ? ದಾರಿಯಂತೂ ತಯಾರಿದೆ. 2013ರ ಡಿಸೆಂಬರ್ 31ರಂದು ನಮ್ಮ ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಚಾಲೂ ಆಯಿತು. ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ತಂತಿಗಳ ಜಾಲ, ಉಳಿದ ದೇಶದ ಗ್ರಿಡ್‌ನೊಂದಿಗೆ ಒಂದಾದದ್ದು ಅದರಿಂದಲೇ. ಕಾರವಾರದಲ್ಲಿ ಹುಟ್ಟಲಿ, ಗುಜರಾತಿನಲ್ಲಿ ಹುಟ್ಟಲಿ, ಕರೆಂಟು ಒಂದೇ ಗ್ರಿಡ್‌ಗೆ ಸೇರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಅಲೆ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಿಮ್ಮ ತೊಗರಿ ಹೊಲದ ಮೇಲೆ ಮೋಡ ಕವಿದು ಸೋಲಾರ್ ಸೊರಗುವುದೂ ಆ ತಿಂಗಳುಗಳಲ್ಲೇ ಅಲ್ವಾ? ಅಲೆಯ ಖರ್ಚು ಇಳಿದ ಕಾಲಕ್ಕೆ ನಮಗೆ ಅದು ನೆರವಾಗುವುದು ಆ ನಾಲ್ಕು ತಿಂಗಳು.