ಏರು ಹತ್ತದ 250 ವ್ಯಾಟ್

ಕಾರವಾರದ ಕಡಲಂಚಿನ ಸಪಾಟು ರಸ್ತೆಯಲ್ಲಿ ವಿದ್ಯುತ್ ಸೈಕಲ್ ಓಡಿಸುವವರಿಗೆ ಮೋಟರಿನ ಗಾತ್ರ ತಲೆನೋವಲ್ಲ. ಅದೇ ಸೈಕಲ್ಲನ್ನು ಶಿರಸಿ ಕಡೆಯ ಅಡಿಕೆ ತೋಟದ ತಗ್ಗಿನಿಂದ ಮೇಲಿನ ಡಾಂಬರು ರಸ್ತೆಗೆ ಹತ್ತಿಸಬೇಕು, ಆಗ ಗೊತ್ತಾಗುತ್ತದೆ. ಓಡಿಸುವವರ ಒಂದು ಕಾಲಿಗೆ ಪೋಲಿಯೊ ಆಗಿದ್ದರೆ ಗಾಡಿ ಅರ್ಧ ಏರಿನಲ್ಲೇ ನಿಲ್ಲಬಹುದು.

ಕೇಂದ್ರ ಮೋಟಾರು ವಾಹನ ನಿಯಮಗಳ (1989) ಪ್ರಕಾರ ಲೈಸೆನ್ಸ್, ನೋಂದಣಿಯ ಗೊಡವೆ ಬೇಡವೆಂದರೆ ಮೋಟರಿನ ಮೂವತ್ತು ನಿಮಿಷದ ಶಕ್ತಿ (ಅಷ್ಟು ಹೊತ್ತು ಎಡೆಬಿಡದೆ ಕೊಡಬಲ್ಲ ಶಕ್ತಿ) 250 ವ್ಯಾಟ್‌ಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಇದನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಪೆಡಲ್ ನೆರವಿನ ಸೈಕಲ್ಲಾದರೆ ತುಳಿಯುವುದು ನಿಂತೊಡನೆ ಮೋಟರೂ ನಿಲ್ಲಬೇಕು. ಹೆಚ್ಚಿನವರಿಗೆ ಇದು ಸುರಕ್ಷತೆಯ ಮಾತು. ಪೂರ್ತಿ ಸುತ್ತು ತುಳಿಯಲಾಗದವರಿಗೆ, ಏರಿನ ನಡುವೆ ಕಾಲು ಸೋತ ಆ ಗಳಿಗೆಯಲ್ಲೇ ನೆರವೂ ಕೈಬಿಡುತ್ತದೆ ಎಂದರ್ಥ. ಅಂಥವರು ಥ್ರಾಟಲ್ (ತುಳಿಯದೆಯೇ ಕೈಯಿಂದ ಮೋಟರು ಓಡಿಸುವ ಹಿಡಿ) ಇರುವ, ಪ್ರಮಾಣಪತ್ರ ಪಡೆದ ಕಡಿಮೆ ವೇಗದ ಮಾದರಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ಲೆಕ್ಕ ಹಾಕಿ ನೋಡೋಣ. ಸವಾರ, ಗಾಡಿ, ಸಾಮಾನು ಸೇರಿ 120 ಕೆ.ಜಿ. ಎಂದುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ, ಚಕ್ರದ ಘರ್ಷಣೆಯೂ ಸೇರಿ, ಸುಮಾರು 130 ನ್ಯೂಟನ್ ಬಲ ಬೇಕು. 250 ವ್ಯಾಟ್ ಪೂರ್ತಿ ಸಿಕ್ಕರೂ ವೇಗ ಗಂಟೆಗೆ 7 ಕಿ.ಮೀ. ಅಷ್ಟೆ. ಎರಡು ಕಾಲು ಗಟ್ಟಿ ಇದ್ದವರು ತುಳಿದು ಇನ್ನೂ 100 ವ್ಯಾಟ್ ಕೂಡಿಸಿ 10ರ ಹತ್ತಿರ ಹೋಗುತ್ತಾರೆ. ಉಳಿದವರು 7ರಲ್ಲಿ ಓಲಾಡುತ್ತಾರೆ. ಎರಡು ಚಕ್ರದ ಗಾಡಿ ವಾಲಿದರೆ ಊರಲು ಕಾಲು ಬೇಕಲ್ಲ! ಮೂರು ಚಕ್ರ ಇದಕ್ಕೇ ಬೇಕಾಗುವುದು.

ಚಕ್ರದ ಗುಂಬದಲ್ಲಿರುವ ಹಬ್ ಮೋಟರಿಗೆ ಇನ್ನೊಂದು ಕಷ್ಟ. 25ರ ವೇಗಕ್ಕೆಂದು ತಂತಿ ಸುತ್ತಿದ ಮೋಟರು ಏರಿನಲ್ಲಿ 7ರ ವೇಗದಲ್ಲಿ ತಿರುಗಿದರೆ ಬ್ಯಾಟರಿ ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಬರೀ ಶಾಖವಾಗುತ್ತದೆ. ಒಳಗಿನ ನೈಲಾನ್ ಹಲ್ಲುಗಾಲಿ ಮೆತ್ತಗಾಗಿ ಹಲ್ಲು ಹಾರುತ್ತದೆ, ಮೋಟರು ಎಷ್ಟು ತಿರುಗಿದೆ ಎಂದು ಗುರುತಿಸುವ ಹಾಲ್ ಸೆನ್ಸರ್ ಸಾಯುತ್ತದೆ. ಮೋಟರು ಗಡಗಡ ನಡುಗಿ ಮುಂದೆ ಹೋಗದಿದ್ದರೆ ಮೊದಲ ಅನುಮಾನ ಸೆನ್ಸರ್ ಮೇಲೆ, ಇಲ್ಲವೇ ಅದರ ಕನೆಕ್ಟರ್ ಮೇಲೆ. ಕರಾವಳಿಯ ಉಪ್ಪುಗಾಳಿಗೆ ಪಿನ್ನುಗಳು ಹಸಿರುಗಟ್ಟುತ್ತವೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಒರೆಸಿ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಸದ, ತೇವ ತಡೆಯುವ ಗ್ರೀಸ್) ಹಚ್ಚಬೇಕು. ಆಕ್ಸಲ್‌ಗೆ ಹೋಗುವ ಕೇಬಲ್ಲನ್ನು ಕೆಳಗೆ ಇಳಿಬಿಟ್ಟು ಮೇಲೆತ್ತಿ ಒಳಗೆ ಬಿಡಬೇಕು, ಇಲ್ಲವಾದರೆ ನೀರು ಅದರ ಗುಂಟವೇ ಮೋಟರಿಗಿಳಿಯುತ್ತದೆ.

ನಿಯಮದೊಳಗೇ ಒಂದಿಷ್ಟು ದಾರಿಯಿದೆ. ಚಕ್ರ ಚಿಕ್ಕದಿರಲಿ. 40 ನ್ಯೂಟನ್-ಮೀಟರ್ ತಿರುಚು ಬಲದ ಮೋಟರು 26 ಇಂಚಿನ ಚಕ್ರದಲ್ಲಿ ಸುಮಾರು 121 ನ್ಯೂಟನ್ ತಳ್ಳುತ್ತದೆ, ಅಂದರೆ ಮೇಲಿನ ಏರಿಗೆ ಸಾಲದು. 20 ಇಂಚಿನಲ್ಲಿ ಅದೇ ಮೋಟರಿನಿಂದ 157 ಸಿಗುತ್ತದೆ. ಗರಿಷ್ಠ ವೇಗ 19ಕ್ಕೆ ಇಳಿಯುತ್ತದೆ, ಇಳಿಯಲಿ. ಈ ಬಲವೂ ಕೆಲವೇ ನಿಮಿಷದ್ದು. ಉದ್ದ ಏರಿನಲ್ಲಿ ನಡುವೆ ನಿಂತು ಮೋಟರು ಕೈಗೆ ಸುಡದಷ್ಟು ಆರಿದ ಮೇಲೆ ಹೊರಡಬೇಕು. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟಕ್ಕೆ ಇದು ಗಾಡಿಯಲ್ಲ. ಮೂರು ಚಕ್ರದ್ದಾದರೆ ಮೋಟರು ಹಿಂದೆ ಇರಲಿ: ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರ ಒದ್ದೆ ಚಿರೆಕಲ್ಲಿನ ಮೇಲೆ ಸುಮ್ಮನೆ ತಿರುಗುತ್ತದೆ. ಒಂದೇ ಕೈ ಆಡುವವರಿಗೆ ಒಂದು ಲಿವರಿನಿಂದ ಎರಡೂ ಬ್ರೇಕ್ ಎಳೆಯುವ ಜೋಡಣೆ ಬೇಕು, ಅದರಲ್ಲೇ ಮೋಟರಿಗೆ ಹೋಗುವ ವಿದ್ಯುತ್ ಕಡಿಯುವ ಸ್ವಿಚ್ಚೂ ಇರಬೇಕು.

500 ವ್ಯಾಟ್ ಕಿಟ್ ಹಾಕಿಸಿದರೆ ಏರು ಸಲೀಸು. ಆದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನ: ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು. ಮಾದರಿ ಅನುಮೋದನೆಯೇ ಇಲ್ಲದ ಸೈಕಲ್ಲಿಗೆ ನೋಂದಣಿ ಮಾಡಿಸುವುದು ಎಲ್ಲಿ? ವೇಗಕ್ಕೆ 25ರ ಮಿತಿ ಹಾಗೇ ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಕಾಲಿನ ಬಲ ಕಡಿಮೆ ಇದ್ದವರಿಗೆ, ಉಳಿದವರು ತುಳಿದು ಕೂಡಿಸುವ ಆ 100 ವ್ಯಾಟನ್ನು ಮೋಟರಿನಿಂದ ತುಂಬಿಸಿಕೊಳ್ಳಲು ನಿಯಮ ಬಿಟ್ಟರೆ ಸಾಕು.